ಮಂಡಿಯ ಹಿಂದಿನ ನೀರುಗಂಟು: ಎಂಆರ್‌ಐ ವರದಿಯಲ್ಲಿ ಕಂಡದ್ದೆಲ್ಲ ನೋವಲ್ಲ

ಪ್ರಶ್ನೆ: ನನಗೆ 56 ವರ್ಷ. ಶಿವಮೊಗ್ಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿ. ಸಕ್ಕರೆ ಕಾಯಿಲೆಗೆ ಐದು ವರ್ಷದಿಂದ ಮಾತ್ರೆ ನುಂಗುತ್ತಿದ್ದೇನೆ. ಕಳೆದ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಬಹಳ ಹೊತ್ತು ಕುಳಿತು ಎದ್ದಾಗ ಎಡ ಮಂಡಿಯ ಒಳಮಗ್ಗುಲಲ್ಲಿ ಚಳಕು ಹೊಡೆದಂತೆ ನೋವು ಬಂತು. ತಿಂಗಳ ನಂತರ ಮಂಡಿಯ ಹಿಂದೆ ನಿಂಬೆಹಣ್ಣಿನಷ್ಟು ಗಂಟು ಕಾಣಿಸಿಕೊಂಡಿತು. ನಿಂತಾಗ ಗಟ್ಟಿ, ಕಾಲು ಮಡಚಿದಾಗ ಮೆತ್ತಗೆ. ಎಂಆರ್‌ಐ ಮಾಡಿಸಿದೆವು. ವರದಿಯಲ್ಲಿ ಹೀಗಿದೆ: ಬೇಕರ್ಸ್ ಸಿಸ್ಟ್, 4.2 × 1.8 ಸೆಂ.ಮೀ., ಕೀಲಿನೊಂದಿಗೆ ಸಂಪರ್ಕವಿದೆ. ಒಳಬದಿಯ ಮೆನಿಸ್ಕಸ್‌ನ ಹಿಂಭಾಗದಲ್ಲಿ ಅಡ್ಡ ಸೀಳು, ಅದರ ಪಕ್ಕ 9 ಮಿ.ಮೀ. ಪ್ಯಾರಾಮೆನಿಸ್ಕಲ್ ಸಿಸ್ಟ್, ಮುಂದಿನ ಕ್ರೂಸಿಯೇಟ್ ಲಿಗಮೆಂಟ್‌ನಲ್ಲಿ ಗ್ಯಾಂಗ್ಲಿಯಾನ್ ಸಿಸ್ಟ್, ಕೀಲಿನಲ್ಲಿ ಸ್ವಲ್ಪ ನೀರು, ಮೃದ್ವಸ್ಥಿ ತೆಳುವಾಗಿದೆ. ಒಬ್ಬ ವೈದ್ಯರು ಸೂಜಿಯಿಂದ ನೀರು ತೆಗೆಯೋಣ ಎಂದರು, ಇನ್ನೊಬ್ಬರು ಆಪರೇಷನ್ ಎಂದರು. ನಾದಿನಿ ಎಣ್ಣೆ ಹಚ್ಚಿ ಒತ್ತಿಸಿ ಒಡೆಸಿಕೊಳ್ಳಿ ಎನ್ನುತ್ತಾರೆ. ಒಂದೇ ಮಂಡಿಯಲ್ಲಿ ಮೂರು ಗಂಟು ಎಂದರೆ ಕ್ಯಾನ್ಸರ್ ಇರಬಹುದೇ? ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿಸಬೇಕೇ? ಇನ್ನೊಂದು ಮಾತು: ನನ್ನ ಆರು ವರ್ಷದ ಮೊಮ್ಮಗನ ಮಂಡಿಯ ಹಿಂದೆಯೂ ಅಂಥದ್ದೇ ಗಂಟು ಕಂಡಿದೆ. ಇದು ವಂಶದಲ್ಲಿ ಬರುವ ಕಾಯಿಲೆಯೇ?

ಉತ್ತರ: ನಾನು ರೇಡಿಯಾಲಜಿಸ್ಟ್. ಇಂಥ ವರದಿಗಳನ್ನು ಬರೆಯುವವನೇ ನಾನು. ಹಾಗಾಗಿ ನಿಮ್ಮ ಭಯದಲ್ಲಿ ನಮ್ಮ ಪಾಲೂ ಇದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಕಂಡದ್ದನ್ನೆಲ್ಲ ಸಾಲಾಗಿ ಬರೆಯುವುದು ನಮಗೆ ಅಭ್ಯಾಸವಾಗಿದೆ. ಯಾವುದು ಮುಖ್ಯ, ಯಾವುದು ಸುಮ್ಮನೆ ಜೊತೆಗೆ ಬಂದದ್ದು ಎಂದು ಬಿಡಿಸಿ ಹೇಳುವುದು ಕಡಿಮೆ. ಓದುವವರು ಎಣಿಸುತ್ತಾ ಹೋಗುತ್ತಾರೆ: ಒಂದು, ಎರಡು, ಮೂರು ಗಂಟು.

ನೀವು ನಕಲು ಮಾಡಿ ಕಳಿಸಿದ ಸಾಲುಗಳಲ್ಲಿ ಕ್ಯಾನ್ಸರ್ ಎಂದು ಅನುಮಾನಿಸುವಂಥದ್ದು ಏನೂ ಇಲ್ಲ. ಧೈರ್ಯ ಹೇಳಲಿಕ್ಕೆಂದು ಆಡಿದ ಮಾತಲ್ಲ ಇದು. ಹಾಗೆ ಹೇಳಲು ಎರಡು ಕಾರಣಗಳು ನಿಮ್ಮ ಪತ್ರದಲ್ಲೇ ಇವೆ. ಒಂದು, 'ಕೀಲಿನೊಂದಿಗೆ ಸಂಪರ್ಕವಿದೆ' ಎಂಬ ಮಾತು. ಇನ್ನೊಂದನ್ನು ವರದಿ ಹೇಳಿಲ್ಲ, ನೀವೇ ಗಮನಿಸಿ ಬರೆದಿದ್ದೀರಿ: ನಿಂತಾಗ ಗಟ್ಟಿ, ಮಡಚಿದಾಗ ಮೆತ್ತಗೆ. ಕಾಲು ನೀಡಿದಾಗ ಸುತ್ತಲಿನ ಸ್ನಾಯುಗಳು ಬಿಗಿದು ಗಂಟನ್ನು ಒತ್ತುತ್ತವೆ, ಮಡಚಿದಾಗ ಒಳಗಿನ ನೀರಿಗೆ ಹರಡಿಕೊಳ್ಳಲು ಜಾಗ ಸಿಗುತ್ತದೆ. ಮೂಳೆ ವೈದ್ಯರು ಇದನ್ನು ಫೂಶೆ ಎಂಬ ವೈದ್ಯರ ಹೆಸರಿನಲ್ಲಿ ಗುರುತಿಸುತ್ತಾರೆ. ಮಾಂಸದ ಗಡ್ಡೆಯಾಗಿದ್ದರೆ ಕಾಲು ಹೇಗಿಟ್ಟರೂ ಗಟ್ಟಿತನ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಯಾವ ಯಂತ್ರವೂ ಇಲ್ಲದೆ ನೀವು ಅರ್ಧ ಪರೀಕ್ಷೆ ಮುಗಿಸಿದ್ದೀರಿ.

ಕೆರೆ ಮತ್ತು ಕೋಡಿ

ನಮ್ಮ ಮಾತಿನಲ್ಲಿ ಗಂಟು, ಗಡ್ಡೆ, ಬಾವು ಎಲ್ಲವೂ ಒಂದರೊಳಗೊಂದು ಬೆರೆತುಹೋಗಿವೆ. ಗಡ್ಡೆ ಎಂದ ಕೂಡಲೇ ಎದೆ ಝಲ್ಲೆನ್ನುತ್ತದೆ. ಸಿಸ್ಟ್ ಎಂದರೆ ನೀರು ತುಂಬಿದ ಚೀಲ, ಅಷ್ಟೇ. ಮಂಡಿಯ ಸುತ್ತ ಮೂಳೆ, ಸ್ನಾಯುರಜ್ಜು, ಚರ್ಮ ಒಂದಕ್ಕೊಂದು ಉಜ್ಜದಿರಲಿ ಎಂದು ದೇಹವೇ ಇಟ್ಟ ತೆಳು ಚೀಲಗಳಿವೆ. ಅವಕ್ಕೆ ಬರ್ಸಾ ಎಂದು ಹೆಸರು. ಅವುಗಳಲ್ಲೊಂದು ಮಂಡಿಯ ಹಿಂದೆ, ತುಸು ಒಳಬದಿಗೆ, ತೊಡೆಯಿಂದ ಇಳಿಯುವ ಒಂದು ಸ್ನಾಯುರಜ್ಜು ಮತ್ತು ಮೀನಖಂಡದ ಸ್ನಾಯುವಿನ ಒಳತಲೆ ಇವೆರಡರ ಸಂದಿಯಲ್ಲಿದೆ. ದೊಡ್ಡವರಾದ ಮೇಲೆ ಅನೇಕರಲ್ಲಿ ಈ ಚೀಲಕ್ಕೂ ಮಂಡಿಯ ಕೀಲಿಗೂ ನಡುವೆ ಒಂದು ಕಿರಿದಾದ ದಾರಿ ತೆರೆದಿರುತ್ತದೆ.

ಮಲೆನಾಡಿನವರಿಗೆ ಕೆರೆಯ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಮಂಡಿಯ ಕೀಲು ಕೆರೆ. ಅದರ ಒಳಪದರ ಸ್ವಲ್ಪವೇ ಸ್ವಲ್ಪ ಜಿಡ್ಡು ದ್ರವ ಸ್ರವಿಸುತ್ತಿರುತ್ತದೆ. ಕೀಲು ಸವೆದರೆ, ಒಳಗಿನ ಮೆನಿಸ್ಕಸ್ ಸೀಳಿದರೆ, ಸಂಧಿವಾತದ ಉರಿಯೂತವಿದ್ದರೆ ದ್ರವ ಹೆಚ್ಚುತ್ತದೆ. ಕೆರೆ ತುಂಬಿದರೆ ಕೋಡಿ ಬೀಳುತ್ತದೆ, ಹಿಂದಿನ ಚೀಲಕ್ಕೆ ನೀರು ಹರಿಯುತ್ತದೆ. ಆದರೆ ಆ ಸಂದಿಯ ದಾರಿ ಬಹಳ ಸಲ ಒಮ್ಮುಖದ ಕವಾಟದಂತೆ ಕೆಲಸ ಮಾಡುತ್ತದೆ. ನಡೆದಾಗ, ಕುಳಿತು ಎದ್ದಾಗ ನೀರು ಹಿಂದಕ್ಕೆ ತಳ್ಳಲ್ಪಡುತ್ತದೆ, ಹಿಂದಿರುಗಿ ಬರುವುದಕ್ಕೆ ತಡೆಯಾಗುತ್ತದೆ. ಚೀಲ ಉಬ್ಬುತ್ತದೆ. ಬೇಕರ್ಸ್ ಸಿಸ್ಟ್ ಎಂದರೆ ಇದೇ.

ಹೆಸರಿನ ಬಗ್ಗೆ ಒಂದು ಮಾತು. ನನ್ನಲ್ಲಿಗೆ ಬಂದಿದ್ದ ಹಿರಿಯರೊಬ್ಬರು ಆರು ತಿಂಗಳಿಂದ ಬೇಕರಿ ತಿಂಡಿ ಬಿಟ್ಟಿದ್ದರು. ವರದಿಯಲ್ಲಿ ಹಾಗೆಂದು ಬರೆದಿದೆಯಲ್ಲ ಎಂದು! ಬೇಕರ್ ಎನ್ನುವುದು ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಮಾರಂಟ್ ಬೇಕರ್ ಅವರ ಹೆಸರು. ಗಂಟಿಗೂ ಕೀಲಿನ ಕಾಯಿಲೆಗೂ ಸಂಬಂಧವಿದೆ ಎಂದು ಅವರು 1877ರಲ್ಲಿ ವಿವರವಾಗಿ ಬರೆದರು. ಅದಕ್ಕೂ ಮುಂಚೆ, 1840ರಲ್ಲಿ, ಡಬ್ಲಿನ್ನಿನ ರಾಬರ್ಟ್ ಆಡಮ್ಸ್ ಇದನ್ನು ಗುರುತಿಸಿದ್ದರು. ಎಕ್ಸ್-ರೇ ಕೂಡ ಇಲ್ಲದ ಕಾಲದಲ್ಲಿ ಅವರು ಕಂಡುಕೊಂಡ ಆ ಸಂಬಂಧವನ್ನು ಎಂಆರ್‌ಐ ಕಾಲದ ನಾವು ಆಗಾಗ ಮರೆತು ಗಂಟಿನ ಬೆನ್ನು ಹತ್ತುತ್ತೇವೆ.

ಬಿಳಿಯಾಗಿ ಕಂಡದ್ದೆಲ್ಲ ನೀರಲ್ಲ

ಎಂಆರ್‌ಐಯಲ್ಲಿ ಎಕ್ಸ್-ರೇ ಕಿರಣವಿಲ್ಲ. ಬಲವಾದ ಅಯಸ್ಕಾಂತ, ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾದ್ದು (ಟೆಸ್ಲಾ ಎಂದರೆ ಅಯಸ್ಕಾಂತದ ಬಲದ ಅಳತೆ), ದೇಹದ ನೀರಿನಲ್ಲಿರುವ ಹೈಡ್ರೋಜನ್ ಕಣಗಳನ್ನು ಸಾಲು ಹಿಡಿಸುತ್ತದೆ. ರೇಡಿಯೋ ಅಲೆ ಅವನ್ನು ಕದಲಿಸುತ್ತದೆ. ಅವು ಮತ್ತೆ ಸ್ವಸ್ಥಾನಕ್ಕೆ ಮರಳುವಾಗ ಕೊಡುವ ಸಂಕೇತದಿಂದ ಚಿತ್ರ ಮೂಡುತ್ತದೆ. ಒಂದು ಬಗೆಯ ಚಿತ್ರದಲ್ಲಿ ನೀರು ಕಪ್ಪಾಗಿ, ಇನ್ನೊಂದು ಬಗೆಯಲ್ಲಿ ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ಮಂಡಿಯ ಸಿಸ್ಟ್ ಹುಡುಕುವುದು ಮುಖ್ಯವಾಗಿ ಈ ಎರಡನೆಯದರಲ್ಲಿ.

ಕಷ್ಟ ಏನೆಂದರೆ, ಬೆಳ್ಳಗೆ ಕಾಣುವ ಎಲ್ಲವೂ ನೀರಲ್ಲ. ಲೋಳೆಯಂಥ ಅಂಶ ಹೆಚ್ಚಿರುವ ಕೆಲವು ಗಡ್ಡೆಗಳು, ನರದ ಹೊದಿಕೆಯಿಂದ ಹುಟ್ಟುವ ಗಡ್ಡೆಗಳು, ಅಪರೂಪಕ್ಕೆ ಸೈನೋವಿಯಲ್ ಸಾರ್ಕೋಮಾ ಎಂಬ ಕ್ಯಾನ್ಸರ್ ಕೂಡ ನೀರಿನಂತೆ ವೇಷ ಹಾಕಿಕೊಂಡು ಕುಳಿತಿರಬಲ್ಲವು. ಮಂಡಿಯ ಹಿಂದಿನ ದೊಡ್ಡ ರಕ್ತನಾಳ ಉಬ್ಬಿದ್ದರೂ ಕೈಗೆ ಗಂಟಿನಂತೆಯೇ ಸಿಗುತ್ತದೆ. ಅದಕ್ಕೆ ಸೂಜಿ ಚುಚ್ಚುವುದನ್ನು ನೆನೆದರೇ ಮೈ ನಡುಗುತ್ತದೆ. ಆದ್ದರಿಂದ ಸಿಸ್ಟ್ ಎಂದು ಬರೆಯುವ ಮೊದಲು ನಾವು ಮೂರು ವಿಷಯ ನೋಡುತ್ತೇವೆ. ಅದು ಇರಬೇಕಾದ ಸಂದಿಯಲ್ಲೇ ಇದೆಯೇ? ಕೀಲಿನ ಕಡೆಗೆ ಕತ್ತಿನಂತೆ ಕಿರಿದಾದ ದಾರಿ ಕಾಣುತ್ತದೆಯೇ? ಒಳಗೆ ಎಲ್ಲ ಕಡೆ ಒಂದೇ ತೆರನಾದ ನೀರಿದೆಯೇ, ಮಾಂಸದ ತುಣುಕು ಇದೆಯೇ? ಬೇಕರ್ಸ್ ಸಿಸ್ಟ್ ಅಡ್ಡ ಕೊಯ್ತದ ಚಿತ್ರದಲ್ಲಿ ಅಲ್ಪವಿರಾಮ ಚಿಹ್ನೆಯ ಆಕಾರದಲ್ಲಿ ಕಾಣುತ್ತದೆ. ಆ ಬಾಲವೇ ಕತ್ತು. ಬಾಲ ಕಂಡರೆ ಅರ್ಧ ನೆಮ್ಮದಿ.

ನಾನೇ ಒಮ್ಮೆ ಎಡವಿದ್ದೇನೆ. ವೃತ್ತಿಗೆ ಬಂದ ಹೊಸತು. ಮಂಡಿಯ ಹಿಂದೆ ನುಣುಪಾದ, ಬೆಳ್ಳಗಿನ, ಗುಂಡನೆಯ ವಸ್ತು. ದಿನದ ಕೊನೆಯ ಸ್ಕ್ಯಾನ್. ಕತ್ತು ಹುಡುಕಲಿಲ್ಲ, ಸಿಸ್ಟ್ ಎಂದು ಬರೆದುಬಿಟ್ಟೆ. ಶಸ್ತ್ರವೈದ್ಯರು ನನಗಿಂತ ಜಾಣರಿದ್ದರು. ಮುಟ್ಟಿದರೆ ಪಾದದವರೆಗೆ ಜುಮ್ಮೆನ್ನುತ್ತದೆ ಎಂದು ರೋಗಿ ಹೇಳಿದ್ದನ್ನು ಅವರು ಬಿಟ್ಟಿರಲಿಲ್ಲ. ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ಮತ್ತೆ ಸ್ಕ್ಯಾನ್ ಮಾಡಿದಾಗ ಆ 'ನೀರು' ಒಳಗೆಲ್ಲ ಬೆಳಗಿತು. ಅದು ನರದ ಗಡ್ಡೆ. ಪುಣ್ಯಕ್ಕೆ ಕ್ಯಾನ್ಸರ್ ಅಲ್ಲ. ಆದರೆ ಸಿಸ್ಟ್ ಎಂದುಕೊಂಡು ಯಾರಾದರೂ ಅದನ್ನು ಕೆದಕಿದ್ದರೆ ಆ ಮನುಷ್ಯ ಪಾದದ ಸ್ಪರ್ಶ ಕಳೆದುಕೊಳ್ಳುತ್ತಿದ್ದರು. ಅಂದಿನಿಂದ ಕತ್ತು ಕಾಣದ ಸಿಸ್ಟ್‌ಗೆ ನಾನು ಸಿಸ್ಟ್ ಎಂದು ಬರೆಯುವುದಿಲ್ಲ, 'ಖಚಿತಪಡಿಸಿಕೊಳ್ಳಬೇಕು' ಎಂದು ಬರೆಯುತ್ತೇನೆ.

ಕಾಂಟ್ರಾಸ್ಟ್‌ನ ಕೆಲಸ ಇಷ್ಟೇ: ರಕ್ತ ಹರಿಯುವ ಜಾಗವನ್ನು ಅದು ಬೆಳಗಿಸುತ್ತದೆ. ನೀರಿನ ಚೀಲದ ಅಂಚು ಮಾತ್ರ ಬೆಳಗುತ್ತದೆ, ಒಳಗೆ ಕತ್ತಲು. ಮಾಂಸದ ಗಡ್ಡೆಯಾದರೆ ಒಳಗೂ ಬೆಳಗುತ್ತದೆ. ನಿಮ್ಮ ವರದಿಯಲ್ಲಿ ಕೀಲಿನ ಸಂಪರ್ಕ ಸ್ಪಷ್ಟವಾಗಿ ಕಂಡಿರುವುದರಿಂದ ಕಾಂಟ್ರಾಸ್ಟ್ ಬೇಕಿಲ್ಲ. ಅನುಮಾನ ಇನ್ನೂ ಕಾಡುತ್ತಿದ್ದರೆ ಒಂದು ಅಲ್ಟ್ರಾಸೌಂಡ್ ಸಾಕು. ಅಗ್ಗ, ಬೇಗ ಮುಗಿಯುತ್ತದೆ, ರಕ್ತನಾಳವನ್ನೂ ಅದೇ ಸಮಯದಲ್ಲಿ ನೋಡಬಹುದು. ನಿಜ ಹೇಳಬೇಕೆಂದರೆ, ಮಂಡಿಯ ಹಿಂದಿನ ಗಂಟು ನೀರೋ ಅಲ್ಲವೋ ಎಂದು ತಿಳಿಯಲು ಮಾತ್ರವಾದರೆ ಮೊದಲು ಮಾಡಿಸಬೇಕಾದ್ದು ಅದನ್ನೇ. ಎಂಆರ್‌ಐ ಬೇಕಾಗುವುದು ಕೀಲಿನ ಒಳಗೆ ಏನಾಗಿದೆ ಎಂದು ತಿಳಿಯಲು.

ಮೂರರಲ್ಲಿ ಯಾವುದು ನೋವು?

ಬೇಕರ್ಸ್ ಸಿಸ್ಟ್ ಆಯಿತು. ಎರಡನೆಯದು ಪ್ಯಾರಾಮೆನಿಸ್ಕಲ್ ಸಿಸ್ಟ್. ಮೆನಿಸ್ಕಸ್ ಎಂದರೆ ತೊಡೆಮೂಳೆ ಮತ್ತು ಕಾಲುಮೂಳೆಯ ನಡುವೆ ಅರ್ಧಚಂದ್ರದಂತೆ ಕುಳಿತ ಮೆತ್ತೆ. ವಯಸ್ಸಾದಂತೆ ಅದು ಹಳೆಯ ಚಪ್ಪಲಿಯ ಅಟ್ಟೆಯಂತೆ ಪದರ ಬಿಡುತ್ತದೆ. ಅದೇ ವರದಿಯಲ್ಲಿರುವ ಅಡ್ಡ ಸೀಳು. ಆ ಸೀಳಿನ ಮೂಲಕ ದ್ರವ ಹೊರಗೆ ಒಸರಿ ಪಕ್ಕದಲ್ಲಿ ಪುಟ್ಟ ಚೀಲ ಕಟ್ಟುತ್ತದೆ. ಅಂದರೆ ಸೀಳು ಮತ್ತು ಆ ಸಿಸ್ಟ್ ಎರಡು ಕಾಯಿಲೆಗಳಲ್ಲ, ಒಂದೇ ಕಥೆಯ ಎರಡು ಸಾಲು. ಸೀಳನ್ನು ಹಾಗೇ ಬಿಟ್ಟು ಈ ಸಿಸ್ಟ್ ಒಂದನ್ನೇ ತೆಗೆದರೆ ಅದು ಮತ್ತೆ ತುಂಬುವುದು ಸಾಮಾನ್ಯ.

ಮೂರನೆಯದು, ಮೂಳೆಗೆ ಮೂಳೆಯನ್ನು ಬಿಗಿದು ಹಿಡಿಯುವ ನಾರುಪಟ್ಟಿಯಾದ ಲಿಗಮೆಂಟ್‌ನ ಗ್ಯಾಂಗ್ಲಿಯಾನ್. ಲಿಗಮೆಂಟ್‌ನ ನಾರುಗಳ ನಡುವೆ ಲೋಳೆಯಂಥ ದ್ರವ ಕೂಡಿಕೊಂಡಿರುವುದು. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಕಣ್ಣಿಗೆ ಬೀಳುವುದೇ ಹೆಚ್ಚು. ಅದೇ ನೋವಿಗೆ ಕಾರಣವಾಗಿದ್ದರೆ ಮಂಡಿಯನ್ನು ಪೂರ್ತಿ ಮಡಚಲು ಅಥವಾ ಪೂರ್ತಿ ನೀಡಲು ಹೋದಾಗ ಒಳಗೆ ಆಳದಲ್ಲಿ ಅಡ್ಡಿಯಾದಂತೆ ನೋವಾಗುತ್ತದೆ. ನೀವು ಅಂಥದ್ದೇನೂ ಬರೆದಿಲ್ಲ. ಲಿಗಮೆಂಟ್ ಹರಿದಿದೆ ಎಂದು ಇದರ ಅರ್ಥವೂ ಅಲ್ಲ. ಅದನ್ನು ಮರೆತುಬಿಡಿ.

ಹಾಗಾದರೆ ನಿಮ್ಮ ನೋವು ಎಲ್ಲಿಯದು? ಕುಳಿತು ಎದ್ದಾಗ ಒಳಮಗ್ಗುಲಲ್ಲಿ ಚಳಕು ಹೊಡೆದದ್ದು ಸೀಳಿನದ್ದೋ, ಮೂಳೆಯ ತುದಿಯ ನುಣುಪು ಹೊದಿಕೆಯಾದ ಮೃದ್ವಸ್ಥಿ ಸವೆದದ್ದರದ್ದೋ ಇರಬೇಕು. ಹಿಂಬದಿಯ ಬಿಗಿತ ಬೇಕರ್ಸ್ ಸಿಸ್ಟ್‌ನದ್ದು. ಆದರೆ ಸೀಳು ಕಂಡಿತು ಎಂದ ಮಾತ್ರಕ್ಕೆ ಅದೇ ಅಪರಾಧಿ ಎಂದು ತೀರ್ಮಾನಿಸುವುದೂ ತಪ್ಪು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 50ರಿಂದ 90 ವರ್ಷದೊಳಗಿನ 991 ಜನರ ಮಂಡಿಯನ್ನು, ನೋವಿದೆಯೋ ಇಲ್ಲವೋ ಎಂದು ನೋಡದೆ, ಎಂಆರ್‌ಐ ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಮೆನಿಸ್ಕಸ್ ಸೀಳಿದ್ದವರಲ್ಲಿ ಶೇಕಡಾ 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿನೋವಾಗಲಿ ಬಿಗಿತವಾಗಲಿ ಇರಲೇ ಇಲ್ಲ. ಅಂದರೆ ಈ ವಯಸ್ಸಿನಲ್ಲಿ ಸೀಳು ಎನ್ನುವುದು ತಲೆಯ ನರೆಗೂದಲಿನ ಹಾಗೆ. ಕೆಲವರಿಗೆ ತೊಂದರೆ ಕೊಡುತ್ತದೆ, ಅನೇಕರಿಗೆ ಕೊಡುವುದಿಲ್ಲ. ನಮ್ಮ ಯಂತ್ರಕ್ಕೆ ಸೀಳು ಕಾಣುತ್ತದೆ, ನೋವು ಕಾಣುವುದಿಲ್ಲ. ಎಲ್ಲಿ ಬೆರಳಿಟ್ಟರೆ ನೋಯುತ್ತದೆ ಎಂದು ಹೇಳಬೇಕಾದವರು ನೀವು, ಬೆರಳಿಟ್ಟು ನೋಡಬೇಕಾದವರು ವೈದ್ಯರು.

ಮಂಡಿಯ ಸುತ್ತ ಇನ್ನೂ ಹಲವು ನೀರುಗಂಟುಗಳಿವೆ. ನೆಲ ಒರೆಸುವವರಿಗೆ, ಟೈಲ್ಸ್ ಹಾಕುವವರಿಗೆ ಮಂಡಿಚಿಪ್ಪಿನ ಮುಂದೆ ಬರುವುದು ಒಂದು. ಚಿಪ್ಪಿನ ಕೆಳಗೆ ಬರುವುದು ಇನ್ನೊಂದು. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಮಾತ್ರ ತಡಮಾಡಬಾರದು. ಆದರೆ ಒಂದನ್ನು ಮಾತ್ರ ಹೇಳದೆ ಮುಂದೆ ಹೋಗಲಾರೆ. ಗಾರೆ ಕೆಲಸದ ಒಬ್ಬರಿಗೆ ನಡೆಯುವಾಗ ಪಾದ ಎತ್ತಲಾಗದೆ ಚಪ್ಪಲಿ ಕಳಚಿ ಬೀಳುತ್ತಿತ್ತು. ಸೊಂಟದಲ್ಲಿ ಡಿಸ್ಕ್ ಜಾರಿದೆ ಎಂದು ಬೇರೊಂದು ಕಡೆ ಬೆನ್ನಿನ ಎಂಆರ್‌ಐ ಆಗಿತ್ತು. ಬೆನ್ನು ಚೆನ್ನಾಗಿತ್ತು. ಮಂಡಿಯ ಹೊರಬದಿಯಲ್ಲಿ, ಕಾಲಿನ ಸಣ್ಣ ಮೂಳೆಯ ತಲೆಯ ಬಳಿ, ನರದ ಒಳಗೇ ಗ್ಯಾಂಗ್ಲಿಯಾನ್ ಬೆಳೆದಿತ್ತು. ಅಲ್ಲಿರುವ ಪುಟ್ಟ ಕೀಲಿನಿಂದ ಹೊರಡುವ ನರದ ಕವಲಿನ ಮೂಲಕ ದ್ರವ ನರದೊಳಕ್ಕೆ ನುಗ್ಗಿತ್ತು. ಶಸ್ತ್ರವೈದ್ಯರು ಆ ಕವಲನ್ನು ಕಟ್ಟಿದ ಮೇಲೆ ತಿಂಗಳುಗಳು ಹಿಡಿದರೂ ಪಾದ ಮೇಲೆದ್ದಿತು. ಕವಲನ್ನು ಕಟ್ಟದೆ ನೀರು ಮಾತ್ರ ತೆಗೆದಿದ್ದರೆ ಅದು ಮರುಕಳಿಸುವ ಸಾಧ್ಯತೆ ಹೆಚ್ಚಿತ್ತು. ಇಲ್ಲೂ ಅದೇ ಕೆರೆ, ಅದೇ ಕೋಡಿ. ನಿಮ್ಮದು ಇಂಥದ್ದಲ್ಲ. ಆದರೆ ಇದನ್ನು ಓದುವ ಯಾರಿಗಾದರೂ ಪಾದ ಜೋತು ಬೀಳುತ್ತಿದ್ದರೆ ಈ ಮಾತು ನೆನಪಿರಲಿ.

ಒಡೆದರೆ ಏನಾಗುತ್ತದೆ?

ನಿಮ್ಮ ನಾದಿನಿಯವರ ಸಲಹೆಗೆ ಬರೋಣ. ಒತ್ತಿ ಒಡೆಸುವುದು ಬೇಡ, ಖಂಡಿತ ಬೇಡ. ಬೇಕರ್ಸ್ ಸಿಸ್ಟ್ ಕೆಲವೊಮ್ಮೆ ತಾನಾಗಿಯೇ ಒಡೆಯುತ್ತದೆ. ಒಳಗಿನ ದ್ರವ ಮೀನಖಂಡದ ಸ್ನಾಯುಗಳ ನಡುವೆ ಇಳಿಯುತ್ತದೆ. ಬಿಸಿನೀರು ಇಳಿದಂತಾಯಿತು ಎಂದು ಕೆಲವರು ಹೇಳುತ್ತಾರೆ. ಮೀನಖಂಡ ಊದಿ, ಕೆಂಪಾಗಿ, ಮುಟ್ಟಲಾಗದಷ್ಟು ನೋಯುತ್ತದೆ. ಒಂದೆರಡು ದಿನದಲ್ಲಿ ಹಿಮ್ಮಡಿಗಂಟಿನ ಕೆಳಗೆ ಅರ್ಧಚಂದ್ರದಂತೆ ಕಂದು ನೀಲಿ ಕಲೆ ಮೂಡಬಹುದು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇದೆಲ್ಲ ಇಳಿಯುತ್ತದೆ.

ಅಪಾಯ ಒಡೆದದ್ದರಲ್ಲಿ ಅಲ್ಲ, ಅದು ಬೇರೊಂದರಂತೆ ಕಾಣುವುದರಲ್ಲಿದೆ. ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದಾಗಲೂ ಕಾಲು ಹೀಗೆಯೇ ಊದುತ್ತದೆ, ಹೀಗೆಯೇ ನೋಯುತ್ತದೆ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೆ ಕುತ್ತು. ಹೆಪ್ಪು ಎಂದು ತಪ್ಪಾಗಿ ತಿಳಿದು ರಕ್ತ ತೆಳುಮಾಡುವ ಔಷಧ ಕೊಟ್ಟರೆ ಒಡೆದ ಜಾಗದಲ್ಲಿ ರಕ್ತಸ್ರಾವವಾಗಿ ಸ್ನಾಯು ಬಿಗಿದುಕೊಳ್ಳಬಹುದು. ಸಿಸ್ಟ್ ಒಡೆದಿದೆ, ಪರವಾಗಿಲ್ಲ ಎಂದು ಸುಮ್ಮನಿದ್ದು ಹೆಪ್ಪನ್ನು ಬಿಟ್ಟುಬಿಟ್ಟರೆ ಇನ್ನೂ ಕೆಡುಕು. ಎರಡೂ ಒಟ್ಟಿಗೆ ಇರುವುದೂ ಉಂಟು. ಕಣ್ಣಿನಿಂದ ನೋಡಿ ಹೇಳಲು ನನಗೂ ಸಾಧ್ಯವಿಲ್ಲ. ಆದ್ದರಿಂದ ಮೀನಖಂಡ ಇದ್ದಕ್ಕಿದ್ದಂತೆ ಊದಿದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಅಲ್ಟ್ರಾಸೌಂಡನ್ನು ಕಾಲಿಗೆ ಮಾಡಿಸಿ. ಉಸಿರು ಕಟ್ಟಿದಂತಾದರೆ, ಎದೆ ಹಿಡಿದರೆ ಸ್ಕ್ಯಾನ್ ಸೆಂಟರ್ ಹುಡುಕುತ್ತಾ ಕೂರದೆ ನೇರ ತುರ್ತು ವಿಭಾಗಕ್ಕೆ.

4.2 ಸೆಂಟಿಮೀಟರ್ ಎಂದರೆ ದೊಡ್ಡದೇ ಎಂದು ಕೇಳುವವರು ಬಹಳ. ಮಧ್ಯಮ ಗಾತ್ರದ್ದು. ಆದರೆ ಆ ಸಂಖ್ಯೆಯನ್ನು ಬಾಯಿಪಾಠ ಮಾಡಬೇಡಿ. ಹೆಚ್ಚು ನಡೆದ ದಿನ ಗಂಟು ದೊಡ್ಡದಾಗಿ, ವಿಶ್ರಾಂತಿ ಸಿಕ್ಕ ವಾರ ಸಣ್ಣದಾಗುತ್ತದೆ. ಮಳೆಗಾಲದಲ್ಲಿ ಅಳೆದ ಕೆರೆಯ ಮಟ್ಟವನ್ನು ಬೇಸಿಗೆಗೂ ಅನ್ವಯಿಸುವಂತಿಲ್ಲ.

ಈಗ ಏನು ಮಾಡುವುದು

ಹೆಚ್ಚು ತೊಂದರೆ ಇಲ್ಲದ ಬೇಕರ್ಸ್ ಸಿಸ್ಟ್‌ಗೆ ಏನೂ ಮಾಡದೆ ಬಿಡುವುದೂ ಒಂದು ಚಿಕಿತ್ಸೆಯೇ. ನಿಮಗೆ ಓಡಾಡಲು ಆಗುತ್ತಿದ್ದರೆ ನಾನು ಮೊದಲು ಸೂಚಿಸುವುದು ಕೆರೆಯ ಕಡೆ ಗಮನ. ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಸರಿಯಾಗಿ ಕಲಿತು ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿ. ತೂಕ ಹೆಚ್ಚಿದ್ದರೆ ಸ್ವಲ್ಪ ಇಳಿದರೂ ಮಂಡಿಗೆ ಗೊತ್ತಾಗುತ್ತದೆ. ನೋವಿನ ಮಾತ್ರೆಯನ್ನು ಔಷಧದಂಗಡಿಯಲ್ಲಿ ಕೇಳಿ ತಿಂಗಳುಗಟ್ಟಲೆ ನುಂಗಬೇಡಿ. ಸಕ್ಕರೆ ಕಾಯಿಲೆ ಇರುವವರ ಮೂತ್ರಪಿಂಡಕ್ಕೆ ಅದು ಹೊರೆ.

ಸೂಜಿಯಿಂದ ನೀರು ತೆಗೆಯುವುದು ಸಣ್ಣ ಕೆಲಸ. ಅಲ್ಟ್ರಾಸೌಂಡ್ ನೋಡುತ್ತಾ ಮಾಡಿದರೆ ರಕ್ತನಾಳ, ನರ ತಪ್ಪಿಸಿಕೊಳ್ಳುತ್ತವೆ. ಬಿಗಿತ ಅಂದೇ ಇಳಿಯುತ್ತದೆ. ಆದರೆ ಕೆಲವರಲ್ಲಿ ದ್ರವ ಲೋಳೆಯಂತೆ ಗಟ್ಟಿಯಾಗಿ ಸೂಜಿಯಲ್ಲಿ ಬರುವುದೇ ಇಲ್ಲ. ಬಂದರೂ ಕೀಲಿನಲ್ಲಿ ನೀರು ಉತ್ಪತ್ತಿಯಾಗುತ್ತಿರುವವರೆಗೆ ಮತ್ತೆ ತುಂಬುವುದು ಸಾಮಾನ್ಯ. ಕೋಡಿಯ ನೀರನ್ನು ಬಿಂದಿಗೆಯಲ್ಲಿ ಮೊಗೆದಂತೆ. ಜೊತೆಗೆ ಸ್ಟೀರಾಯ್ಡ್ ಹಾಕುತ್ತಾರೆ, ಅದರಿಂದ ಉರಿಯೂತ ತಗ್ಗಿ ಕೆಲವು ವಾರ ಅಥವಾ ತಿಂಗಳ ನೆಮ್ಮದಿ ಸಿಗುತ್ತದೆ. ನಿಮಗೆ ಇಲ್ಲಿ ಒಂದು ಎಚ್ಚರಿಕೆ: ಸ್ಟೀರಾಯ್ಡ್ ಆದ ಮೇಲೆ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ಅದನ್ನು ಮೊದಲೇ ವೈದ್ಯರಿಗೆ ನೆನಪಿಸಿ, ಆ ದಿನಗಳಲ್ಲಿ ಸಕ್ಕರೆ ಪರೀಕ್ಷಿಸಿಕೊಳ್ಳಿ. ಸೋಂಕಿನ ಸಾಧ್ಯತೆ ಕಡಿಮೆ, ಆದರೆ ಇಲ್ಲವೆನ್ನುವಂತಿಲ್ಲ. ಮಂಡಿ ಬಿಸಿಯಾಗಿ ಊದಿ ಜ್ವರ ಬಂದರೆ ಮರುದಿನದವರೆಗೆ ಕಾಯಬಾರದು.

ಆಪರೇಷನ್ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ವಯಸ್ಸಿನಿಂದ ಆದ ಮೆನಿಸ್ಕಸ್ ಸೀಳಿಗೆ ಅವಸರದಲ್ಲಿ ಆರ್ಥ್ರೋಸ್ಕೋಪಿ, ಅಂದರೆ ಸಣ್ಣ ರಂಧ್ರದ ಮೂಲಕ ಕೀಲಿನೊಳಗೆ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ, ಬೇಡ. ಫಿನ್ಲೆಂಡಿನಲ್ಲಿ 146 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅರ್ಧ ಜನರಿಗೆ ಸೀಳಿದ ಭಾಗವನ್ನು ನಿಜವಾಗಿ ಕತ್ತರಿಸಿದರು, ಉಳಿದವರಿಗೆ ಕತ್ತರಿಸಿದಂತೆ ನಟಿಸಿದರು. ಒಂದು ವರ್ಷದ ನಂತರ ಎರಡೂ ಗುಂಪಿನವರ ನೋವು ಹೆಚ್ಚುಕಡಿಮೆ ಒಂದೇ ಆಗಿತ್ತು. ಅವರ್ಯಾರಿಗೂ ಕೀಲಿನ ಸವೆತ ಇರಲಿಲ್ಲ. ನಿಮಗೆ ಸವೆತದ ಸುಳಿವಿದೆ, ಹಾಗಾಗಿ ಲಾಭ ಅದಕ್ಕಿಂತ ಹೆಚ್ಚಿರುವುದು ಅನುಮಾನ. ಮಂಡಿ ನಿಜವಾಗಿಯೂ ಸಿಕ್ಕಿಹಾಕಿಕೊಂಡು ನೀಡಲು ಬಾರದಂತಾದರೆ, ಅಥವಾ ಹಲವು ತಿಂಗಳ ವ್ಯಾಯಾಮದಿಂದಲೂ ಪ್ರಯೋಜನವಾಗದೆ ನೋವಿನ ಜಾಗ ಸೀಳಿಗೆ ಸರಿಯಾಗಿ ಹೊಂದಿದರೆ, ಆಗ ಮಾತು ಬೇರೆ. ಆಗ ಪ್ಯಾರಾಮೆನಿಸ್ಕಲ್ ಸಿಸ್ಟ್‌ನ ದಾರಿಯನ್ನೂ ಒಳಗಿನಿಂದಲೇ ಸರಿಪಡಿಸಬಹುದು. ಮಂಡಿಯ ಹಿಂದೆ ಚರ್ಮ ಕೊಯ್ದು ಬೇಕರ್ಸ್ ಸಿಸ್ಟ್ ಒಂದನ್ನೇ ಕಿತ್ತುಹಾಕುವುದು ನನಗೆ ಒಪ್ಪಿಗೆಯಾಗದ ದಾರಿ. ಅಲ್ಲೇ ಪಕ್ಕದಲ್ಲಿ ಕಾಲಿನ ಮುಖ್ಯ ರಕ್ತನಾಳ ಮತ್ತು ನರ ಇವೆ, ಮೂಲ ಕಾರಣ ಉಳಿದರೆ ಗಂಟು ಮತ್ತೆ ಬರುತ್ತದೆ.

ಇಷ್ಟೆಲ್ಲ ಆದ ಮೇಲೂ ನಿಮ್ಮ ಕಡತದಲ್ಲಿ ಒಂದು ಕೊರತೆ ಕಾಣುತ್ತಿದೆ. ನಿಂತುಕೊಂಡು ತೆಗೆಸಿದ ಎರಡೂ ಮಂಡಿಗಳ ಎಕ್ಸ್-ರೇ ಎಲ್ಲಿದೆ? ಎಂಆರ್‌ಐ ಮಲಗಿಸಿ ತೆಗೆಯುವ ಚಿತ್ರ. ಮೈಭಾರ ಬಿದ್ದಾಗ ಕೀಲಿನ ಸಂದಿ ಎಷ್ಟು ಕಿರಿದಾಗುತ್ತದೆ ಎಂದು ತಿಳಿಯುವುದು ನಿಂತ ಎಕ್ಸ್-ರೇಯಲ್ಲಿ. ಎಂಆರ್‌ಐಗೆ ಕೊಟ್ಟ ಹಣದ ಒಂದು ಸಣ್ಣ ಪಾಲು ಸಾಕು. ಸವೆತ ಎಷ್ಟಿದೆ ಎಂಬುದರ ಮೇಲೆ ಮೇಲಿನ ದಾರಿಗಳಲ್ಲಿ ಯಾವುದು ನಿಮಗೆ ಸರಿ ಎಂಬುದು ಬಹಳ ಮಟ್ಟಿಗೆ ನಿಂತಿದೆ.

ಆರು ತಿಂಗಳಿಗೆ ಮತ್ತೆ ಎಂಆರ್‌ಐ ಬೇಡ. ಗಂಟು ದಿನೇ ದಿನೇ ಬೆಳೆಯುತ್ತಾ ಹೋದರೆ, ಮಡಚಿದಾಗಲೂ ಗಟ್ಟಿಯಾಗಿಯೇ ಉಳಿದರೆ, ರಾತ್ರಿ ಮಲಗಿದಾಗಲೂ ನೋಯಿಸಿದರೆ, ಪಾದ ಮರಗಟ್ಟಿದರೆ, ಕೈಯಿಟ್ಟಾಗ ನಾಡಿಯಂತೆ ಮಿಡಿದರೆ ಮಾತ್ರ ಮರುಪರೀಕ್ಷೆ ಬೇಕು. ಹೊಸ ವೈದ್ಯರ ಬಳಿ ಹೋಗುವಾಗ ವರದಿಯ ಹಾಳೆಯೊಂದನ್ನೇ ಹಿಡಿದು ಹೋಗಬೇಡಿ, ಚಿತ್ರಗಳಿರುವ ಸಿಡಿಯನ್ನೂ ಒಯ್ಯಿರಿ. ಹಾಳೆ ನನ್ನಂಥವನ ಅಭಿಪ್ರಾಯ, ಸಾಕ್ಷಿ ಇರುವುದು ಸಿಡಿಯಲ್ಲಿ. ಮುಂದೆಂದಾದರೂ ಮತ್ತೆ ಎಂಆರ್‌ಐ ಮಾಡಿಸಬೇಕಾಗಿ ಬಂದರೆ, ಪೇಸ್‌ಮೇಕರ್ ಇದ್ದರೆ, ತಲೆಯಲ್ಲಿ ಕ್ಲಿಪ್ ಹಾಕಿದ್ದರೆ, ಕಣ್ಣಿಗೆ ಲೋಹದ ಚೂರು ಸಿಡಿದದ್ದಿದ್ದರೆ ಒಳಗೆ ಹೋಗುವ ಮೊದಲೇ ಹೇಳಬೇಕು. ಕಾಲುಂಗುರದ ವಿಷಯದಲ್ಲಿ ನಮ್ಮಲ್ಲಿ ದಿನಾ ಒಂದು ಪುಟ್ಟ ಜಗಳ ನಡೆಯುತ್ತದೆ. ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ, ನಿಜ. ಆದರೆ ಪೇಟೆಯ ಕಾಲುಂಗುರದಲ್ಲಿ ಬೆಳ್ಳಿ ಎಷ್ಟು, ಬೇರೆ ಲೋಹ ಎಷ್ಟು ಎಂದು ಯಾರಿಗೆ ಗೊತ್ತು? ಬಿಸಿಯಾಗಬಹುದು, ಚಿತ್ರ ಕೆಡಬಹುದು. ಬಿಚ್ಚಿ ಗಂಡನ ಕೈಗೇ ಕೊಡಿ ಎಂದರೆ ಹೆಚ್ಚಿನವರು ಒಪ್ಪುತ್ತಾರೆ.

ಅಡಿಕೆ ಸುಲಿಯುವುದನ್ನು ಬಿಡಬೇಕೇ ಎಂದು ನೀವು ಕೇಳಿಲ್ಲ, ಬಿಡುವುದಿಲ್ಲ ಎಂದು ನನಗೂ ಗೊತ್ತು. ಈ ಸುಗ್ಗಿಯಲ್ಲಿ ಕಾಲು ಮಡಚಿ ನೆಲದ ಮೇಲೆ ಕೂರದೆ ಎತ್ತರದ ಸ್ಟೂಲಿನ ಮೇಲೆ ಕುಳಿತು, ಕತ್ತಿಯನ್ನು ಅದಕ್ಕೆ ತಕ್ಕ ಎತ್ತರದ ಹಲಗೆಗೆ ಕೂರಿಸಿಕೊಳ್ಳಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ನೆಲಮಟ್ಟದ ಶೌಚಾಲಯಕ್ಕೂ ಇದೇ ಮಾತು: ಕುರ್ಚಿಯಂಥ ಆಸರೆ ಇಟ್ಟುಕೊಳ್ಳಿ.

ಇನ್ನು ಮೊಮ್ಮಗನ ವಿಷಯ. ಅದು ವಂಶದಲ್ಲಿ ಬಂದದ್ದಲ್ಲ, ನಿಮ್ಮದಕ್ಕೂ ಅವನದಕ್ಕೂ ನಂಟಿಲ್ಲ. ಮಕ್ಕಳಲ್ಲಿ ಮಂಡಿಯ ಹಿಂದಿನ ಇಂಥ ಚೀಲಕ್ಕೆ ಸಾಮಾನ್ಯವಾಗಿ ಕೀಲಿನ ಸಂಪರ್ಕವೇ ಇರುವುದಿಲ್ಲ, ಕೀಲೂ ಚೆನ್ನಾಗಿಯೇ ಇರುತ್ತದೆ. ಹೆಚ್ಚಿನವು ತಿಂಗಳುಗಳಲ್ಲೋ ಒಂದೆರಡು ವರ್ಷಗಳಲ್ಲೋ ತಾವಾಗಿಯೇ ಕರಗುತ್ತವೆ. ಅವನಿಗೆ ಎಂಆರ್‌ಐ ಬೇಡ. ಆ ವಯಸ್ಸಿನ ಮಗು ಅಷ್ಟು ಹೊತ್ತು ಅಲುಗಾಡದೆ ಮಲಗುವುದು ಕಷ್ಟ, ನಿದ್ದೆ ಬರಿಸುವ ಔಷಧ ಕೊಡಬೇಕಾಗಬಹುದು. ಒಂದು ಅಲ್ಟ್ರಾಸೌಂಡ್ ಮಾಡಿಸಿ, ಒಳಗಿರುವುದು ನೀರೇ ಎಂದು ಖಚಿತವಾದರೆ ಅವನನ್ನು ಆಡಲು ಬಿಡಿ. ನೋವಿದ್ದರೆ, ಕುಂಟುತ್ತಿದ್ದರೆ, ಗಂಟು ಮಂಡಿಯ ಹಿಂದಿನ ಒಳಬದಿಯಲ್ಲಿರದೆ ಬೇರೆಲ್ಲಾದರೂ ಇದ್ದರೆ ಮಾತ್ರ ಮಕ್ಕಳ ಮೂಳೆ ವೈದ್ಯರಿಗೆ ತೋರಿಸಿ.